ಹಳದಿ ಚಿತ್ರಕ್ಕೆ, ಬಿಳಿ–ಕೆಂಪು ಸೌಂಡಿಗೆ: ಹಳೇ ಎವಿ ಕೇಬಲ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ವಿಡಿಯೊ ಕ್ಯಾಸೆಟ್ ಓಡಿಸುವ ವಿಸಿಆರ್‌ನ ವೈರು, ಡಿವಿಡಿ ಪ್ಲೇಯರ್‌ನ ವೈರು, ಯಾವಾಗಲೋ ಬದಲಾಯಿಸಿದ ಸೆಟ್ ಟಾಪ್ ಬಾಕ್ಸ್‌ನ ವೈರು. ಇವೆಲ್ಲ ಒಂದಕ್ಕೊಂದು ಸುತ್ತಿಕೊಂಡ ಡಬ್ಬಿ ಬಹುತೇಕ ಮನೆಗಳ ಅಟ್ಟದ ಮೇಲೆ ಇದ್ದೇ ಇರುತ್ತದೆ. ಮದುವೆ ಕ್ಯಾಸೆಟ್ ನೋಡಬೇಕು ಅಂತ ಯಾರಾದರೂ ಹಟ ಹಿಡಿದ ದಿನ ಅದು ಕೆಳಗೆ ಇಳಿಯುತ್ತದೆ. ಹಳದಿಗೆ ಹಳದಿ, ಕೆಂಪಿಗೆ ಕೆಂಪು ಅಂತ ಎಲ್ಲ ಸಿಕ್ಕಿಸಿದರೂ ಟಿವಿಯಲ್ಲಿ ಚಿತ್ರ ಇಲ್ಲ. ಇಲ್ಲವೇ ಚಿತ್ರ ಇದೆ, ಬಣ್ಣ ಇಲ್ಲ. ಇಲ್ಲವೇ ಸ್ಪೀಕರ್ ಗುರ್ರ್ ಅನ್ನುತ್ತಿದೆ.

ಪ್ಲಗ್‌ನ ಬಣ್ಣ ಒಂದು ಗುರುತು, ಅಷ್ಟೇ. ಕಾರ್ಖಾನೆಯವರು ಹಾಕಿದ ಪ್ಲಾಸ್ಟಿಕ್ ಅದು. ಕೇಬಲ್ ಯಾವುದು ಅಂತ ಮೊದಲ ಅಂದಾಜು ಮಾಡಲು ಬಣ್ಣ ನೋಡಿ. ದೋಷ ಎಲ್ಲಿದೆ ಅಂತ ತಿಳಿಯಲು ಟಿವಿಯಲ್ಲಿ ಏನು ಕಾಣುತ್ತಿದೆ, ಏನು ಕೇಳುತ್ತಿದೆ ಅನ್ನುವುದನ್ನು ನಂಬಿ. ಬಣ್ಣ ಒಂದು ಹೇಳಿ ಲಕ್ಷಣ ಇನ್ನೊಂದು ಹೇಳಿದರೆ ನನ್ನ ವೋಟು ಲಕ್ಷಣಕ್ಕೆ.

ಮೊದಲು ಮೂರು ಪಿನ್‌ನ ವೈರು

ಅಂಗಡಿಯಲ್ಲಿ ಎವಿ, ಅಂದರೆ ಆಡಿಯೊ–ವಿಡಿಯೊ, ಕೇಬಲ್ ಅಂತ ಕೊಡುವುದು ಆರ್‌ಸಿಎ ಪ್ಲಗ್ ಇರುವ ಕೇಬಲ್‌ ಅನ್ನು. ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿ 1930ರ ದಶಕದಲ್ಲಿ ಗ್ರಾಮಫೋನನ್ನು ರೇಡಿಯೊಗೆ ಜೋಡಿಸಲು ಮಾಡಿದ ಪ್ಲಗ್ ಇದು. ಅದರ ಹೆಸರೇ ಉಳಿದುಕೊಂಡಿತು. ಒಂದು ಪ್ಲಗ್ ಕೈಗೆ ತೆಗೆದುಕೊಂಡು ನೋಡಿ. ನಡುವೆ ಒಂದು ಕಡ್ಡಿ, ಸುತ್ತ ಒಂದು ಲೋಹದ ಬಳೆ. ಬಳೆಯಲ್ಲಿ ಅಲ್ಲಲ್ಲಿ ಸೀಳು ಬಿಟ್ಟಿರುತ್ತಾರೆ, ಒತ್ತಿದಾಗ ಬಿಗಿಯಾಗಿ ಕೂರಲಿ ಅಂತ. ಕಡ್ಡಿಯಲ್ಲಿ ಸಿಗ್ನಲ್ ಹೋಗುತ್ತದೆ, ಬಳೆ ಗ್ರೌಂಡ್, ಅಂದರೆ ಸಿಗ್ನಲ್ ವಾಪಸ್ ಬರುವ ದಾರಿ.

ಹಳದಿ ಚಿತ್ರಕ್ಕೆ. ಬೆಳಕು, ಬಣ್ಣ, ಚಿತ್ರವನ್ನು ಸ್ಥಿರವಾಗಿ ನಿಲ್ಲಿಸುವ ಸಿಂಕ್, ಮೂರೂ ಒಂದೇ ತಂತಿಯಲ್ಲಿ ಬರುತ್ತವೆ. ಅದಕ್ಕೇ ಇದರ ಹೆಸರು ಕಾಂಪೊಸಿಟ್ ವಿಡಿಯೊ. ಬಿಳಿ ಎಡಗಡೆಯ ಸೌಂಡ್, ಕೆಂಪು ಬಲಗಡೆಯ ಸೌಂಡ್. ಹಳೇ ಟೇಪ್ ಡೆಕ್, ಆಂಪ್ಲಿಫೈಯರ್ ವೈರುಗಳಲ್ಲಿ ಬಿಳಿ ಬದಲು ಕಪ್ಪು ಇರುತ್ತದೆ. ಕೆಂಪು–ಕಪ್ಪು ಜೋಡಿ ಕಂಡರೆ ಪ್ಲಸ್–ಮೈನಸ್ ಅಂತ ಅಂದುಕೊಳ್ಳಬೇಡಿ. ಆರ್‌ಸಿಎ ಪ್ಲಗ್ ಆಗಿದ್ದರೆ ಅದು ಬಲ–ಎಡ.

ಮೂರೂ ಪ್ಲಗ್‌ಗಳ ಅಳತೆ ಒಂದೇ. ಹಾಗಾಗಿ ಹಳದಿ ವೈರಿನಲ್ಲಿ ಸೌಂಡ್ ಕಳಿಸಬಹುದು, ಬಿಳಿ ವೈರಿನಲ್ಲಿ ಚಿತ್ರ ಕಳಿಸಬಹುದು. ಎರಡೂ ತುದಿಗೆ ಒಂದೇ ವೈರು ಹೋದರೆ ಸಾಕು. ಹಳದಿ 75 ಓಮ್‌ನ ಕೋಆಕ್ಸಿಯಲ್ ವೈರು, ಅಂದರೆ ನಡುವಿನ ತಂತಿಯ ಸುತ್ತ ಲೋಹದ ಜಾಲರಿ ಇರುವ ವೈರು, ಆಗಿರಬೇಕು ಅನ್ನುವುದು ನಿಜ. ಆದರೆ ಒಂದೂವರೆ ಮೀಟರ್ ವೈರಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. ವೈರು ಉದ್ದ ಆದಂತೆ ಚಿತ್ರದ ಅಂಚಿನಲ್ಲಿ ನೆರಳು ಕಾಣಲು ಶುರುವಾಗುತ್ತದೆ. ಒಂದು ವೈರಿನ ಜಾಗದಲ್ಲಿ ಇನ್ನೊಂದನ್ನು ಹಾಕಬಹುದು ಅನ್ನುವುದನ್ನು ನೆನಪಿಡಿ, ಕೆಳಗೆ ಇದೇ ನಮ್ಮ ಮುಖ್ಯ ಪರೀಕ್ಷೆ ಆಗುತ್ತದೆ.

ಇನ್ನೊಂದು ತೊಂದರೆ ವಯಸ್ಸಿನದು. ಬಿಳಿ ಪ್ಲಾಸ್ಟಿಕ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಹಳದಿ ಮಾಸಿ ಕೆನೆ ಬಣ್ಣ ಆಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ. ಬೆಳಗಿನ ಬೆಳಕಿನಲ್ಲಿ ಕಿಟಕಿ ಹತ್ತಿರ ಹಿಡಿದು ನೋಡಿ. ಆಗಲೂ ಗೊತ್ತಾಗದಿದ್ದರೆ ವೈರನ್ನು ಬೆರಳಿನಿಂದ ಸವರಿ. ಕೆಲವು ಕೇಬಲ್‌ಗಳಲ್ಲಿ ವಿಡಿಯೊ ವೈರು ಉಳಿದೆರಡಕ್ಕಿಂತ ದಪ್ಪ ಇರುತ್ತದೆ, ಮೈಮೇಲೆ 75 ಓಮ್ ಅಂತ ಅಚ್ಚು ಇರುವುದೂ ಉಂಟು. ಮೂರೂ ಒಂದೇ ದಪ್ಪ ಇದ್ದರೆ ಚಿಂತೆ ಬೇಡ. ಅಂಟಿಕೊಂಡ ವೈರುಗಳಲ್ಲಿ ನಡುವಿನದು ಕೊನೆತನಕ ನಡುವಿನದೇ. ಅದರಿಂದ ಆ ತುದಿ ಈ ತುದಿ ಹೊಂದಿಸಿಕೊಳ್ಳಬಹುದು.

ವೈರನ್ನು ಬೈಯುವ ಮುಂಚೆ

ಎರಡು ವಿಷಯ ನೋಡಿಬಿಡಿ. ವಿಸಿಆರ್ ಹಿಂದೆ ಔಟ್ ಅಂತ ಒಂದು ಸಾಲು, ಇನ್ ಅಂತ ಒಂದು ಸಾಲು, ಎರಡೂ ಅದೇ ಬಣ್ಣದಲ್ಲಿ ಇರುತ್ತವೆ. ಚಿತ್ರ ಬರಬೇಕಾದ್ದು ವಿಸಿಆರ್‌ನಿಂದ ಟಿವಿಗೆ. ಅಂದರೆ ವಿಸಿಆರ್‌ನ ಔಟ್, ಟಿವಿಯ ಇನ್. ಹಳೇ ದೊಡ್ಡ ಟಿವಿಗಳ ಹಿಂದೆಯೂ ಔಟ್ ಇರುತ್ತದೆ. ಅಲ್ಲಿ ಸಿಕ್ಕಿಸಿ ಅರ್ಧ ಗಂಟೆ ತಲೆ ಕೆರೆದುಕೊಳ್ಳುವವರು ಕಡಿಮೆ ಇಲ್ಲ.

ಎರಡನೆಯದು ಸೋರ್ಸ್. ರಿಮೋಟ್‌ನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಬಟನ್ ಒತ್ತಿ ಎವಿ ಆರಿಸಿ. ಹಳೇ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಎವಿ ಅಂತಲೇ ಬಟನ್ ಇರುತ್ತದೆ, ಕೆಲವದರಲ್ಲಿ ಸೊನ್ನೆ ನಂಬರ್ ಚಾನೆಲ್‌ಗೆ ಹೋಗಬೇಕು. ಮುಂದೆ ಒಂದು ಎವಿ, ಹಿಂದೆ ಒಂದು ಎವಿ ಇದ್ದರೆ ಎರಡನ್ನೂ ಆರಿಸಿ ನೋಡಿ.

ವೈರು ಹಾಕಿ ತೆಗೆಯುವಾಗ ಎರಡೂ ಪೆಟ್ಟಿಗೆಗಳ ಕರೆಂಟ್ ಪ್ಲಗ್ ತೆಗೆದಿರಿ. ಕಾರಣ ಇದೆ. ಆರ್‌ಸಿಎ ಪ್ಲಗ್ ಒಳಗೆ ಹೋಗುವಾಗ ಮೊದಲು ಕಡ್ಡಿ ತಾಗುತ್ತದೆ, ಆಮೇಲೆ ಬಳೆ. ಆ ಕ್ಷಣ ಗ್ರೌಂಡ್ ಇಲ್ಲದೆ ಸ್ಪೀಕರ್ ಜೋರಾಗಿ ಕಿರುಚುತ್ತದೆ. ಎರಡು ಪಿನ್‌ನ ಕರೆಂಟ್ ಪ್ಲಗ್ ಇರುವ ಡಿವಿಡಿ ಪ್ಲೇಯರ್‌ನ ಬಳೆ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುವುದೂ ಇದೆ. ಒಳಗಿನ ಫಿಲ್ಟರ್ ಕೆಪಾಸಿಟರ್ ಅನ್ನುವ ಬಿಡಿಭಾಗದಿಂದ ಬರುವ ಚಿಕ್ಕ ಕರೆಂಟ್ ಸೋರಿಕೆ ಅದು. ಸುಮ್ನೆ ಯಾಕೆ ಮೈ ಜುಮ್ ಅನ್ನಿಸಿಕೊಳ್ಳಬೇಕು, ಪ್ಲಗ್ ತೆಗೆದೇ ಕೆಲಸ ಮಾಡಿ.

ಸೌಂಡ್ ಇದೆ, ಚಿತ್ರ ಇಲ್ಲ

ಇದು ಎಲ್ಲಕ್ಕಿಂತ ಸುಲಭ. ಎಡಗಡೆ ಸ್ಪೀಕರ್‌ನಲ್ಲಿ ಸೌಂಡ್ ಬರುತ್ತಿದೆ ಅಂದರೆ ಬಿಳಿ ವೈರು ಚೆನ್ನಾಗಿದೆ ಅಂತ ಆಯಿತು. ಆ ಬಿಳಿ ವೈರನ್ನೇ ತೆಗೆದು ಎರಡೂ ಕಡೆ ಹಳದಿ ತೂತಿಗೆ ಹಾಕಿ. ಈಗ ಚಿತ್ರ ಬಂದರೆ ಹಳದಿ ವೈರು ಸತ್ತಿದೆ. ಬರದಿದ್ದರೆ ವೈರಿನ ತಪ್ಪಲ್ಲ. ಸೋರ್ಸ್, ಪ್ಲೇಯರ್‌ನ ಸೆಟ್ಟಿಂಗ್ ಅಥವಾ ಸಾಕೆಟ್ ಕಡೆ ನೋಡಿ. ಮೀಟರ್ ಬೇಡ, ಹೊಸ ಕೇಬಲ್ ಬೇಡ, ಎರಡು ನಿಮಿಷದ ಕೆಲಸ. ಚಿತ್ರ ಇದೆ ಸೌಂಡ್ ಇಲ್ಲ ಅನ್ನುವಾಗ ಇದನ್ನೇ ತಿರುಗಿಸಿ ಮಾಡಿ.

ಒಂದೇ ಸ್ಪೀಕರ್‌ನಲ್ಲಿ ಸೌಂಡ್ ಬಂದರೆ ಟಿವಿ ತುದಿಯಲ್ಲಿ ಮಾತ್ರ ಬಿಳಿ–ಕೆಂಪು ಅದಲು ಬದಲು ಮಾಡಿ. ಸತ್ತ ಕಡೆ ಈಗ ಇನ್ನೊಂದು ಸ್ಪೀಕರ್‌ಗೆ ಹೋದರೆ ದೋಷ ವೈರಿನಲ್ಲೋ ಪ್ಲೇಯರ್‌ನಲ್ಲೋ ಇದೆ. ಅದೇ ಸ್ಪೀಕರ್ ಸತ್ತೇ ಇದ್ದರೆ ಟಿವಿಯದು. ಹಳೇ ಕ್ಯಾಸೆಟ್ ವಿಡಿಯೊ ಗೇಮ್ ಮತ್ತು ಬಹಳಷ್ಟು ವಿಸಿಆರ್‌ಗಳದು ಮೋನೊ ಸೌಂಡ್, ಅಂದರೆ ಎಡ–ಬಲ ಬೇರೆ ಬೇರೆ ಇಲ್ಲ. ಅವಕ್ಕೆ ಒಂದು ಹಳದಿ, ಒಂದು ಸೌಂಡ್ ತೂತು, ಎರಡೇ. ಟಿವಿಯಲ್ಲಿ ಬಿಳಿ ಸಾಕೆಟ್ ಪಕ್ಕ ಎಲ್ ಅಂದರೆ ಎಡ, ಜೊತೆಗೆ ಮೋನೊ ಅಂತ ಬರೆದಿದ್ದರೆ ಬಿಳಿಗೇ ಹಾಕಿ. ಅಂಥ ಟಿವಿಯಲ್ಲಿ ಎರಡೂ ಸ್ಪೀಕರ್ ಮಾತಾಡುತ್ತವೆ. ಕೆಂಪಿಗೆ ಹಾಕಿದರೆ ಬಲಗಡೆ ಮಾತ್ರ.

ಗುರ್ರ್ ಅನ್ನುವ ಸದ್ದು

ಗುರ್ರ್‌ನಲ್ಲಿ ಎರಡು ಜಾತಿ. ಕಿವಿಗೊಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಒಂದು, ಒರಟಾಗಿ ಕೊರೆಯುವ ಸದ್ದು. ಚಿತ್ರ ಬದಲಾದಂತೆ ಸದ್ದೂ ಬದಲಾಗುತ್ತದೆ. ಪರದೆ ಬಿಳಿಯಾದಾಗ ಒಂದು ಥರ, ಕತ್ತಲಾದಾಗ ಇನ್ನೊಂದು ಥರ. ಅಂದರೆ ಚಿತ್ರದ ಸಿಗ್ನಲ್ ಸೌಂಡಿನ ತೂತಿಗೆ ಹೋಗಿದೆ. ನಮ್ಮಲ್ಲಿ ಟಿವಿ ಚಿತ್ರ ಕಳಿಸುವ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ ಪರದೆಯ ಮೇಲಿನಿಂದ ಕೆಳಗೆ ಗೆರೆ ಎಳೆಯಲಾಗುತ್ತದೆ. ಆ 50ರ ಬಡಿತವೇ ಸ್ಪೀಕರ್‌ನಲ್ಲಿ ಕೇಳುವುದು. ಎಲ್ಲೋ ಒಂದು ತುದಿಯಲ್ಲಿ ಹಳದಿ ವೈರು ಬಿಳಿ ಅಥವಾ ಕೆಂಪಿನ ಜಾಗದಲ್ಲಿ ಕೂತಿದೆ. ಉಲ್ಟಾ ಆದಾಗ, ಅಂದರೆ ಸೌಂಡ್ ಹಳದಿ ತೂತಿಗೆ ಹೋದಾಗ, ಪರದೆ ನೀಲಿಯಾಗಿ ನೋ ಸಿಗ್ನಲ್ ಅನ್ನುತ್ತದೆ. ಹಳೇ ಟಿವಿ ಆದರೆ ಹಾಡಿನ ತಾಳಕ್ಕೆ ಸರಿಯಾಗಿ ಗೆರೆಗಳು ಕುಣಿಯುತ್ತವೆ.

ಇನ್ನೊಂದು, ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಚಿತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದು ಗ್ರೌಂಡ್‌ನ ಸಮಸ್ಯೆ. ಮೊದಲು ಪ್ಲಗ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಸದ್ದು ಬಂದು ಹೋಗಿ ಮಾಡಿದರೆ ಬಳೆ ಸಡಿಲ ಆಗಿದೆ, ಅಥವಾ ಒಳಗೆ ಬೆಸುಗೆ ಬಿಟ್ಟಿದೆ. ಬಳೆಯ ಎಸಳುಗಳನ್ನು ಕಟಿಂಗ್ ಪ್ಲೈಯರ್‌ನಿಂದ ಒಂದೊಂದಾಗಿ ತುಸು ಒಳಕ್ಕೆ ಒತ್ತಿ. ತುಸು ಅಂದರೆ ತುಸುವೇ. ಜಾಸ್ತಿ ಒತ್ತಿದರೆ ಎಸಳು ಮುರಿಯುತ್ತದೆ, ಇಲ್ಲವೇ ಎಳೆಯುವಾಗ ಟಿವಿಯ ಸಾಕೆಟ್ಟೇ ಕಿತ್ತು ಬರುತ್ತದೆ. ಪ್ಲಗ್ ಮೇಲೆ ಕಪ್ಪು, ಹಸಿರು ಪಾಚಿಯಂತೆ ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಸಾಕೆಟ್‌ಗೆ ಹಾಕಿ ಎಡಕ್ಕೆ ಬಲಕ್ಕೆ ನಾಲ್ಕಾರು ಸಲ ತಿರುಗಿಸಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅರ್ಧ ದೂರುಗಳು ಇಷ್ಟಕ್ಕೇ ಮುಗಿದರೂ ಆಶ್ಚರ್ಯ ಇಲ್ಲ.

ಇಷ್ಟಾದರೂ ಗುಂಯ್ ನಿಲ್ಲದಿದ್ದರೆ ಕೇಬಲ್ ಟಿವಿಯ ಅಥವಾ ಡಿಶ್‌ನ ಆಂಟೆನಾ ವೈರು ಬಿಚ್ಚಿ ನೋಡಿ. ಬಿಚ್ಚಿದ ಕೂಡಲೇ ಸದ್ದು ನಿಂತಿತಾ? ಹಾಗಾದರೆ ಗ್ರೌಂಡ್ ಲೂಪ್. ಆಂಟೆನಾ ಕಡೆಯಿಂದ ಒಂದು ಗ್ರೌಂಡ್, ಕಂಪ್ಯೂಟರ್ ಅಥವಾ ಆಂಪ್ಲಿಫೈಯರ್‌ನ ಮೂರು ಪಿನ್ ಪ್ಲಗ್‌ನಿಂದ ಇನ್ನೊಂದು ಗ್ರೌಂಡ್, ಎರಡರ ನಡುವೆ ಸಣ್ಣ ಕರೆಂಟ್ ಓಡುತ್ತಿದೆ. ಚಿತ್ರದಲ್ಲೂ ಅಡ್ಡ ಪಟ್ಟಿ ನಿಧಾನವಾಗಿ ಮೇಲೆ ಕೆಳಗೆ ಜಾರುತ್ತಿರಬಹುದು. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಗ್ರೌಂಡ್ ಪಿನ್ ಮುರಿದು ಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಆ ಪಿನ್ ಇರುವುದು ಜೀವ ಕಾಯಲು.

ರೆಕಾರ್ಡ್ ಪ್ಲೇಯರ್ ಇದ್ದವರಿಗೆ ಒಂದು ಮಾತು. ಅದರಿಂದಲೂ ಕೆಂಪು–ಬಿಳಿ ಪ್ಲಗ್ಗೇ ಬರುತ್ತದೆ. ಜೊತೆಗೆ ತುದಿಯಲ್ಲಿ ಕವಲಿರುವ ಒಂದು ಒಂಟಿ ತಂತಿ. ಆ ತಂತಿಯನ್ನು ಆಂಪ್ಲಿಫೈಯರ್‌ನ ಗ್ರೌಂಡ್ ಸ್ಕ್ರೂಗೆ ಸಿಕ್ಕಿಸದಿದ್ದರೆ ಗುಂಯ್ ಖಂಡಿತ. ಕೆಂಪು–ಬಿಳಿ ಪ್ಲಗ್‌ಗಳನ್ನು ಫೋನೊ ಅಂತ ಬರೆದ ಸಾಕೆಟ್‌ಗೇ ಹಾಕಬೇಕು. ಮಾಮೂಲಿ ಸಾಕೆಟ್‌ಗೆ ಹಾಕಿದರೆ ಪಿಸುಗುಟ್ಟಿದಷ್ಟೇ ಕೇಳುತ್ತದೆ. ರೆಕಾರ್ಡ್‌ನ ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್.

ಚಿತ್ರ ಇದೆ, ಬಣ್ಣ ಇಲ್ಲ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕಪ್ಪು–ಬಿಳುಪು ಚಿತ್ರಕ್ಕೆ ಕಾರಣ ಹಲವು. ಇವುಗಳಲ್ಲಿ ಹೆಚ್ಚಿನವಕ್ಕೆ ವೈರು ಬದಲಿಸಿ ಉಪಯೋಗ ಇಲ್ಲ.

ಎಲ್‌ಇಡಿ ಟಿವಿಯ ಹಿಂದೆ ಹಳದಿ ಸಾಕೆಟ್ ಕಾಣದಿದ್ದರೆ ಹಸಿರು ಸಾಕೆಟ್ ಹತ್ತಿರ ಬಗ್ಗಿ ನೋಡಿ. ಅದರ ಸುತ್ತ ಹಳದಿ ಉಂಗುರ ಇರಬಹುದು, ಪಕ್ಕದಲ್ಲಿ ವೈ ಅಕ್ಷರ, ಒಂದು ಓರೆಗೆರೆ, ಆಮೇಲೆ ವಿಡಿಯೊ ಅಂತ ಬರೆದಿರಬಹುದು. ಜಾಗ ಉಳಿಸಲು ಒಂದೇ ತೂತನ್ನು ಎರಡು ಕೆಲಸಕ್ಕೆ ಇಟ್ಟಿದ್ದಾರೆ. ಹಳದಿ ವೈರು ಅಲ್ಲೇ ಹಾಕಬೇಕು. ಆದರೆ ಸೋರ್ಸ್‌ನಲ್ಲಿ ಎವಿ ಇರಬೇಕು. ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವ ಕಾಂಪೊನೆಂಟ್ ಅಂತ ಇದ್ದರೆ ಟಿವಿ ಆ ತಂತಿಯಲ್ಲಿ ಬರೀ ಬೆಳಕನ್ನು ಹುಡುಕುತ್ತದೆ, ಬಣ್ಣ ನೀಲಿ–ಕೆಂಪು ತೂತಿನಲ್ಲಿ ಬರಲಿ ಅಂತ ಕಾಯುತ್ತದೆ. ಅಲ್ಲಿ ಏನೂ ಇಲ್ಲ. ಚಿತ್ರ ಕಪ್ಪು–ಬಿಳುಪು. ಸೋರ್ಸ್ ಬದಲಿಸಿದರೆ ಬಣ್ಣ ತಾನಾಗಿ ಬರುತ್ತದೆ. ಎರಡಕ್ಕೂ ಬೇರೆ ಬೇರೆ ಸಾಕೆಟ್ ಇರುವ ಟಿವಿಯಲ್ಲಿ ಹಳದಿಯನ್ನು ಹಸಿರಿಗೆ ಹಾಕಿದರೂ ಇದೇ ಗತಿ.

ಎಸ್-ವಿಡಿಯೊ ಅಂತ ಒಂದು ದುಂಡು ಪ್ಲಗ್ ಇದೆ. ಒಳಗೆ ನಾಲ್ಕು ಸಣ್ಣ ಪಿನ್, ನಡುವೆ ಒಂದು ಪ್ಲಾಸ್ಟಿಕ್ ಕಟ್ಟೆ. ಇದರಲ್ಲಿ ಬೆಳಕಿಗೆ ಒಂದು ತಂತಿ, ಬಣ್ಣಕ್ಕೆ ಇನ್ನೊಂದು. ಕತ್ತಲಲ್ಲಿ ಟಿವಿ ಹಿಂದೆ ಕೈ ಹಾಕಿ ತಡಕಾಡಿ ಒತ್ತಿದಾಗ ಒಂದು ಪಿನ್ ಸುಲಭವಾಗಿ ಬಗ್ಗುತ್ತದೆ. ಬಗ್ಗಿದ್ದು ಬಣ್ಣದ ಪಿನ್ ಆದರೆ ಕಪ್ಪು–ಬಿಳುಪು. ಪೆನ್ಸಿಲ್‌ನ ಸೀಸ ತೆಗೆದ ತುದಿಯೋ ಸಣ್ಣ ಚಿಮಟವೋ ತೆಗೆದುಕೊಂಡು ಮೆಲ್ಲಗೆ ನೆಟ್ಟಗೆ ಮಾಡಿ. ಎಸ್-ವಿಡಿಯೊದಲ್ಲಿ ಸೌಂಡ್ ಇರುವುದಿಲ್ಲ, ಬಿಳಿ–ಕೆಂಪು ಬೇರೆ ಹಾಕಲೇಬೇಕು.

ಮೂರನೆಯದು ದೇಶದ ವಿಷಯ. ಅಮೆರಿಕದಲ್ಲಿರುವ ಅಣ್ಣನೋ ಮಗಳೋ ತಂದುಕೊಟ್ಟ ಹಳೇ ಹ್ಯಾಂಡಿಕ್ಯಾಮ್, ವಿಸಿಆರ್ ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ, ಅಲ್ವಾ? ಅವು ಎನ್‌ಟಿಎಸ್‌ಸಿ ಪದ್ಧತಿಯವು. ನಮ್ಮದು ಪಾಲ್. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂದಾಗಿನಿಂದ ಇಲ್ಲಿ ಪಾಲ್. ಪಾಲ್‌ನಲ್ಲಿ 625 ಗೆರೆ, ಎನ್‌ಟಿಎಸ್‌ಸಿಯಲ್ಲಿ 525. ಬಣ್ಣ ಹೊತ್ತು ತರುವ ಕಂಪನ ಇಲ್ಲಿ 4.43 ಮೆಗಾಹರ್ಟ್ಸ್, ಅಲ್ಲಿ 3.58. ಪಾಲ್ ಮಾತ್ರ ಗೊತ್ತಿರುವ ಹಳೇ ಟಿವಿಗೆ ಆ ಬಣ್ಣ ಸಿಗುವುದೇ ಇಲ್ಲ. ಕಪ್ಪು–ಬಿಳುಪು ಚಿತ್ರ, ಮೇಲಾಗಿ ಉರುಳುವ ಚಿತ್ರ. ಕೇಬಲ್ ಎಷ್ಟು ಬದಲಿಸಿದರೂ ಅಷ್ಟೇ. ಮೆನುವಿನಲ್ಲಿ ಕಲರ್ ಸಿಸ್ಟಮ್ ಇದ್ದರೆ ಆಟೊಗೆ ಇಡಿ. ಈಚಿನ ಎಲ್‌ಇಡಿ ಟಿವಿಗಳಲ್ಲಿ ಬಹುತೇಕ ಎರಡೂ ನಡೆಯುತ್ತವೆ. ಆದರೆ ಅಮೆರಿಕದಲ್ಲಿ ರೆಕಾರ್ಡ್ ಮಾಡಿದ ವಿಎಚ್‌ಎಸ್ ಟೇಪನ್ನು, ಅಂದರೆ ವಿಡಿಯೊ ಕ್ಯಾಸೆಟ್ಟನ್ನು, ಬರೀ ಪಾಲ್ ವಿಸಿಆರ್‌ಗೆ ಹಾಕಿದರೆ ಟಿವಿ ಎಷ್ಟೇ ಹೊಸದಾದರೂ ಪ್ರಯೋಜನ ಇಲ್ಲ. ಓದುವ ಪೆಟ್ಟಿಗೆಗೇ ಎರಡೂ ಪದ್ಧತಿ ಬರಬೇಕು.

ವಿಎಚ್‌ಎಸ್‌ನ ಇನ್ನೊಂದು ತಕರಾರು. ಹಳೇ ಟೇಪಿನ ಚಿತ್ರ ಒಂದೇ ಲಯದಲ್ಲಿ ಓಡುವುದಿಲ್ಲ, ತುಸು ತೊನೆಯುತ್ತದೆ. ಪಿಕ್ಚರ್ ಟ್ಯೂಬ್ ಟಿವಿ ಅದನ್ನು ಸಹಿಸಿಕೊಂಡು ತೋರಿಸುತ್ತದೆ. ಎಲ್‌ಇಡಿ ಟಿವಿ ಸಿಂಕ್ ಸಿಗದೆ ಆಗಾಗ ನೀಲಿ ಪರದೆ ಹಾಕಿಬಿಡುತ್ತದೆ. ಅದೇ ವೈರಿಗೆ ಡಿವಿಡಿ ಪ್ಲೇಯರ್ ಹಾಕಿ ನೋಡಿ. ಡಿವಿಡಿ ಚೆನ್ನಾಗಿ ಬಂದರೆ ವೈರನ್ನು ಬಿಟ್ಟುಬಿಡಿ. ಟೇಪ್ ಓದುವುದನ್ನು ಹೊಂದಿಸುವ ವಿಸಿಆರ್‌ನ ಟ್ರ್ಯಾಕಿಂಗ್ ತಿರುಗಿಸಿ, ಟೇಪ್ ಓದುವ ಹೆಡ್ ಕ್ಲೀನ್ ಮಾಡಿಸಿ.

ಐದು ಪಿನ್, ಎರಡು ಕೆಂಪು

ಹಸಿರು, ನೀಲಿ, ಕೆಂಪು ಮೂರೂ ಸೇರಿ ಕಾಂಪೊನೆಂಟ್ ವಿಡಿಯೊ. ಅದರ ಜೊತೆ ಬಿಳಿ, ಕೆಂಪು ಸೌಂಡ್. ಹೀಗೆ ಒಂದೇ ಕಟ್ಟಿನಲ್ಲಿ ಎರಡು ಕೆಂಪು ಪ್ಲಗ್. ಒಂದೇ ಕ್ಲಾಸಿನಲ್ಲಿ ಇಬ್ಬರು ಮಂಜುನಾಥರು ಇದ್ದ ಹಾಗೆ. ಯಾರನ್ನು ಕೂಗಿದರೂ ಇನ್ನೊಬ್ಬ ಎದ್ದು ನಿಲ್ಲುತ್ತಾನೆ. ಈ ಬಣ್ಣಗಳನ್ನು ಗೊತ್ತು ಮಾಡಿದವರ ಮೇಲೆ ನನಗೆ ಇರುವ ದೂರು ಇದೊಂದೇ.

ಹಸಿರಿನಲ್ಲಿ ಹಸಿರು ಬಣ್ಣ ಹೋಗುತ್ತದೆ ಅಂತ ತಿಳಿಯುವವರು ಜಾಸ್ತಿ. ಹಸಿರಿನಲ್ಲಿ ಹೋಗುವುದು ಬೆಳಕು ಮತ್ತು ಸಿಂಕ್. ಅಂದರೆ ಪೂರ್ತಿ ಕಪ್ಪು–ಬಿಳುಪು ಚಿತ್ರ ಅದೊಂದರಲ್ಲೇ ಇದೆ. ನೀಲಿಯಲ್ಲಿ ನೀಲಿಗೂ ಬೆಳಕಿಗೂ ಇರುವ ವ್ಯತ್ಯಾಸ, ಕೆಂಪಿನಲ್ಲಿ ಕೆಂಪಿಗೂ ಬೆಳಕಿಗೂ ಇರುವ ವ್ಯತ್ಯಾಸ. ಇದು ತಲೆಯಲ್ಲಿ ಕೂತರೆ ಲಕ್ಷಣ ನೋಡಿದ ಕೂಡಲೇ ವೈರು ಗೊತ್ತಾಗುತ್ತದೆ.

ಚಿತ್ರವೇ ಇಲ್ಲ, ಸೌಂಡ್ ಮಾತ್ರ ಇದೆ: ಹಸಿರು ಬಿಟ್ಟಿದೆ. ಚಿತ್ರ ಸ್ಪಷ್ಟವಾಗಿದೆ, ಬಣ್ಣ ಮಾತ್ರ ಇಲ್ಲ: ನೀಲಿ, ಕೆಂಪು ಎರಡೂ ಬಿಟ್ಟಿವೆ. ಮುಖಗಳೆಲ್ಲ ಹಳದಿ ಮಿಶ್ರಿತ ಹಸಿರಾಗಿ ಕಾಮಾಲೆ ಬಂದಂತೆ ಕಾಣುತ್ತಿವೆ: ಕೆಂಪು ಬಿಟ್ಟಿದೆ. ಆಗ ಸೌಂಡನ್ನೂ ಗಮನಿಸಿ. ಬಲಗಡೆ ಸ್ಪೀಕರ್ ಗುರ್ರ್ ಅನ್ನುತ್ತಿದ್ದರೆ ಚಿತ್ರದ ಕೆಂಪು ಸೌಂಡಿನ ಕೆಂಪು ತೂತಿಗೆ ಹೋಗಿದೆ. ಎರಡು ಕೆಂಪನ್ನೂ ಅದಲು ಬದಲು ಮಾಡಿದರೆ ಎರಡು ದೋಷ ಒಟ್ಟಿಗೇ ಹೋಗುತ್ತವೆ. ಮುಖಗಳು ನೀಲಿಯಾಗಿ, ಕೆಂಪು ಸೀರೆ ನೀಲಿ ಸೀರೆಯಾಗಿ ಕಂಡರೆ ನೀಲಿ–ಕೆಂಪು ಅದಲು ಬದಲಾಗಿವೆ. ಕೆಂಪು ಚೆನ್ನಾಗಿದೆ, ಆಕಾಶಕ್ಕೆ ಮಾತ್ರ ನೀಲಿ ಇಲ್ಲ ಅಂದರೆ ನೀಲಿ ವೈರು ನೋಡಿ.

ಎಲ್ಲ ಸರಿಯಾಗಿ ಹಾಕಿದರೂ ಚಿತ್ರ ಉರುಳಿದರೆ ಅಥವಾ ಎರಡೆರಡಾಗಿ ಕಂಡರೆ ಡಿವಿಡಿ ಪ್ಲೇಯರ್‌ನಲ್ಲಿ ಪ್ರೊಗ್ರೆಸಿವ್ ಸ್ಕ್ಯಾನ್, ಅಂದರೆ ಎಲ್ಲ ಗೆರೆಗಳನ್ನೂ ಒಂದೇ ಸರದಿಯಲ್ಲಿ ಕಳಿಸುವ ಕ್ರಮ, ಆನ್ ಆಗಿರಬಹುದು. ಹಳೇ ಟಿವಿಗೆ ಅದು ಅರ್ಥವಾಗುವುದಿಲ್ಲ. ಹಳದಿ ವೈರಿನಲ್ಲಿ ಚಿತ್ರ ತರಿಸಿಕೊಂಡು ಮೆನುವಿನಲ್ಲಿ ಅದನ್ನು ಆಫ್ ಮಾಡಿ, ಆಮೇಲೆ ಕಾಂಪೊನೆಂಟ್‌ಗೆ ಬನ್ನಿ.

ಹಸಿರು–ನೀಲಿ–ಕೆಂಪು ಕೇಬಲ್ ಸಿಗದಿದ್ದರೆ ಹಳದಿ–ಬಿಳಿ–ಕೆಂಪು ಕೇಬಲ್ಲನ್ನೇ ಹಾಕಬಹುದು. ಹಳದಿಯನ್ನು ಹಸಿರಿಗೆ, ಬಿಳಿಯನ್ನು ನೀಲಿಗೆ, ಕೆಂಪನ್ನು ಕೆಂಪಿಗೆ, ಎರಡೂ ತುದಿಯಲ್ಲಿ ಹಾಗೇ. ಸೌಂಡಿಗೆ ಇನ್ನೊಂದು ಕೇಬಲ್ ಬೇಕು, ಅಷ್ಟೇ.

ಕಿತ್ತಳೆ, ನೇರಳೆ ಮತ್ತು ಕೆಲವು ಮೋಸದ ತೂತುಗಳು

ಕಿತ್ತಳೆ ಆರ್‌ಸಿಎ ಡಿಜಿಟಲ್ ಸೌಂಡಿನದು. ಒಂದೇ ವೈರಿನಲ್ಲಿ ಎಲ್ಲ ಚಾನೆಲ್‌ಗಳೂ ಅಂಕಿಗಳ ರೂಪದಲ್ಲಿ ಹೋಗುತ್ತವೆ. ಅದನ್ನು ಬಿಳಿ ಅಥವಾ ಕೆಂಪು ಸಾಕೆಟ್‌ಗೆ ಹಾಕಿದರೆ ಏನೂ ಕೇಳುವುದಿಲ್ಲ, ಕೇಳಿದರೂ ಬರೀ ಕರಕರ. ಮಾಸಿದ ಕಿತ್ತಳೆ ಹಳದಿಯಂತೆ ಕಾಣುವುದರಿಂದ ಬಣ್ಣ ನೋಡಿ ಮೋಸ ಹೋಗುವುದು ಸುಲಭ. ಡಿಜಿಟಲ್‌ಗೂ 75 ಓಮ್ ವೈರೇ ಬೇಕಾದ್ದರಿಂದ ಕಿತ್ತಳೆ ಕೇಬಲ್ ಇಲ್ಲದಾಗ ಒಳ್ಳೆಯ ಹಳದಿ ವೈರು ಹಾಕಬಹುದು. ನೇರಳೆ ಸಬ್‌ವೂಫರ್‌ಗೆ, ಅಂದರೆ ತಗ್ಗು ದನಿಯ ಸ್ಪೀಕರ್‌ಗೆ.

ಕಂಪ್ಯೂಟರಿನ ಹಿಂದಿನ 3.5 ಎಂಎಂ ತೂತುಗಳ ಬಣ್ಣ ಬೇರೆಯೇ ಲೆಕ್ಕ. ಮೈಕ್ರೊಸಾಫ್ಟ್, ಇಂಟೆಲ್ ಸೇರಿ ತಂದ ಪಿಸಿ 99 ಪಟ್ಟಿಯಿಂದ ಬಂದವು ಅವು. ತಿಳಿಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಸೌಂಡ್ ಒಳಗೆ ತರಲು. ಟೇಪ್ ರೆಕಾರ್ಡರ್‌ನಿಂದ ಕಂಪ್ಯೂಟರಿಗೆ ಹಾಡು ಇಳಿಸುವಾಗ ಸೌಂಡ್ ಒಡೆದು ಬರುತ್ತಿದ್ದರೆ ನೀವು ಗುಲಾಬಿಗೆ ಹಾಕಿದ್ದೀರಿ. ನೀಲಿಗೆ ಹಾಕಿ. ನೀಲಿ ಬಣ್ಣದ ಹದಿನೈದು ಪಿನ್‌ನ ವಿಜಿಎ ಚಿತ್ರಕ್ಕೆ ಮಾತ್ರ.

ನಿಜವಾದ ಅಪಾಯ ಹೋಮ್ ಥಿಯೇಟರ್ ಪೆಟ್ಟಿಗೆಗಳಲ್ಲಿ ಇದೆ. ನಮ್ಮಲ್ಲಿ ಮಾರುವ ಹಲವು 4.1, 5.1 ಸೆಟ್‌ಗಳಲ್ಲಿ ಸಣ್ಣ ಸ್ಪೀಕರ್‌ಗಳನ್ನೂ ಆರ್‌ಸಿಎ ಪ್ಲಗ್‌ನಿಂದಲೇ ಜೋಡಿಸುತ್ತಾರೆ. ನೋಡಲು ಅದೇ ಕೆಂಪು, ಅದೇ ಬಿಳಿ. ಆದರೆ ಅದರಿಂದ ಬರುವುದು ಸ್ಪೀಕರ್ ಓಡಿಸುವ ಶಕ್ತಿ. ಅದನ್ನು ಟಿವಿಯ ಅಥವಾ ಇನ್ನೊಂದು ಆಂಪ್ಲಿಫೈಯರ್‌ನ ಇನ್‌ಪುಟ್‌ಗೆ ಹಾಕಿದರೆ ಸಾಕೆಟ್ ಒಳಗಿನ ಸರ್ಕ್ಯೂಟ್ ಸುಡಬಹುದು. ಸ್ಪೀಕರ್ ಅಂತಲೋ, ಓಮ್ ಅಂತಲೋ, ವ್ಯಾಟ್ ಅಂತಲೋ ಪಕ್ಕದಲ್ಲಿ ಬರೆದಿದ್ದರೆ ಅದಕ್ಕೆ ಸ್ಪೀಕರ್ ಬಿಟ್ಟು ಬೇರೇನೂ ಹಾಕಬೇಡಿ. ಬರಹ ಅಳಿಸಿಹೋಗಿದ್ದರೆ ಹಾಕಲೇಬೇಡಿ.

ಹೊಸ ಟಿವಿಯ ಒಂದೇ ತೂತು

ಈಚಿನ ತೆಳು ಟಿವಿಗಳಲ್ಲಿ ಮೂರು ಬಣ್ಣದ ಸಾಕೆಟ್ ಇರುವುದೇ ಅಪರೂಪ. ಎವಿ ಇನ್ ಅಂತ ಒಂದು 3.5 ಎಂಎಂ ತೂತು, ಅದಕ್ಕೆ ಹಾಕಲು ಗೇಣುದ್ದದ ಒಂದು ಮರಿ ವೈರು. ಒಂದು ಕಡೆ ಇಯರ್‌ಫೋನ್ ಪಿನ್, ಇನ್ನೊಂದು ಕಡೆ ಮೂರು ಬಣ್ಣದ ತೂತು. ಟಿವಿ ಜೊತೆ ಬಂದ ಆ ಮರಿ ವೈರು ಮೊದಲ ವಾರದಲ್ಲೇ ಕಳೆದುಹೋಗಿರುತ್ತದೆ. ಇನ್ಯಾವುದೋ ತಂದು ಹಾಕಿದರೆ ಚಿತ್ರ ಇಲ್ಲ, ಬರೀ ಗುರ್ರ್.

ಮೊದಲು ಇಯರ್‌ಫೋನ್ ತೂತಿಗೆ ಹಾಕಿಲ್ಲ ತಾನೇ ಅಂತ ನೋಡಿ. ಎರಡೂ ಒಂದೇ ಅಳತೆ. ಆಮೇಲೆ ಪಿನ್ ನೋಡಿ. ಮೂರು ಕಪ್ಪು ಗೆರೆ, ನಾಲ್ಕು ಲೋಹದ ಭಾಗ ಇರಬೇಕು. ಎರಡೇ ಗೆರೆ ಇದ್ದರೆ ಅದು ಬರೀ ಸೌಂಡಿನ ಪಿನ್, ಚಿತ್ರಕ್ಕೆ ದಾರಿಯೇ ಇಲ್ಲ.

ನಾಲ್ಕು ಭಾಗ ಇದ್ದರೂ ಯಾವುದು ಏನು ಅನ್ನುವುದರಲ್ಲಿ ಕಂಪನಿಗಳಿಗೆ ಒಮ್ಮತ ಇಲ್ಲ. ಒಂದು ರೂಢಿಯಲ್ಲಿ ತುದಿ ಎಡ ಸೌಂಡ್, ಮುಂದಿನ ಉಂಗುರ ಬಲ, ಅದರ ಮುಂದಿನದು ಗ್ರೌಂಡ್, ಬುಡದ್ದು ಚಿತ್ರ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ ಕೆಲವು ಮಾಡೆಲ್‌ಗಳಲ್ಲಿ ಹೀಗೇ ಇದೆ. ಇನ್ನು ಕೆಲವು ವೈರುಗಳಲ್ಲಿ ಗ್ರೌಂಡ್ ಬುಡಕ್ಕೆ ಹೋಗಿ ಚಿತ್ರ ಅದರ ಹಿಂದಿನ ಉಂಗುರದಲ್ಲಿ ಇರುತ್ತದೆ. ಹ್ಯಾಂಡಿಕ್ಯಾಮ್ ವೈರುಗಳದ್ದು ಮತ್ತೊಂದು ಕ್ರಮ ಇರಬಹುದು.

ಪರೀಕ್ಷೆ ಹೀಗೆ. ವಾಲ್ಯೂಮ್ ಪೂರ್ತಿ ಇಳಿಸಿ. ಪ್ಲೇಯರ್ ಓಡಲಿ, ಟಿವಿ ಎವಿಯಲ್ಲಿರಲಿ. ಇಲ್ಲಿ ಕರೆಂಟ್ ಆನ್ ಇರಲೇಬೇಕಾದ್ದರಿಂದ ಪ್ಲಗ್‌ನ ಪ್ಲಾಸ್ಟಿಕ್ ಮಾತ್ರ ಹಿಡಿಯಿರಿ. ಪ್ಲೇಯರ್‌ನಿಂದ ಬಂದ ಹಳದಿ ಪ್ಲಗ್ ಒಂದನ್ನೇ ಮರಿ ವೈರಿನ ಹಳದಿಗೆ, ಆಮೇಲೆ ಬಿಳಿಗೆ, ಆಮೇಲೆ ಕೆಂಪಿಗೆ ಹಾಕಿ ನೋಡಿ. ಯಾವುದರಲ್ಲಿ ಚಿತ್ರ ಸ್ವಚ್ಛವಾಗಿ ಬಂತೋ ಅದೇ ನಿಮ್ಮ ಟಿವಿಯ ಪಾಲಿಗೆ ಹಳದಿ. ಉಳಿದೆರಡು ಸೌಂಡ್. ಬಿಳಿ ಟೇಪ್ ಸುತ್ತಿ ಪೆನ್ನಿನಿಂದ ಬರೆದುಬಿಡಿ. ಮೂರರಲ್ಲೂ ಚಿತ್ರ ಸ್ವಚ್ಛವಾಗಿ ಬರದಿದ್ದರೆ ಗ್ರೌಂಡ್ ಬೇರೆ ಜಾಗದಲ್ಲಿರಬಹುದು. ಆಗ ಅದಲು ಬದಲು ಮಾಡಿ ಉಪಯೋಗ ಇಲ್ಲ, ಆ ಟಿವಿ ಮಾಡೆಲ್‌ನದೇ ಮರಿ ವೈರು ತರಬೇಕು.

ಎಚ್‌ಡಿಎಂಐ ಅಂತ ಮಾರುವ ವೈರು

ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಹಳದಿ–ಬಿಳಿ–ಕೆಂಪು, ನಡುವೆ ಬರೀ ವೈರು. ಇಂಥದ್ದು ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ಹಳದಿಯಲ್ಲಿ ಬರುವುದು ಅನಲಾಗ್, ಎಚ್‌ಡಿಎಂಐ ಡಿಜಿಟಲ್. ನಡುವೆ ಪರಿವರ್ತಿಸುವ ಚಿಪ್ ಇಲ್ಲದೆ ಚಿತ್ರ ಬರುವುದಿಲ್ಲ. ಬೇಕಾದ್ದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕನ್ವರ್ಟರ್. ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಕರೆಂಟ್ ಕೊಡಬೇಕು. ಕನ್ವರ್ಟರ್ ಇದ್ದೂ ಚಿತ್ರ ಇಲ್ಲದಿದ್ದರೆ ದಿಕ್ಕು ನೋಡಿ. ಎವಿಯಿಂದ ಎಚ್‌ಡಿಎಂಐಗೆ ಒಂದು, ಎಚ್‌ಡಿಎಂಐಯಿಂದ ಎವಿಗೆ ಇನ್ನೊಂದು. ಡಬ್ಬಿ ಒಂದೇ ಥರ ಇರುತ್ತದೆ, ತಿರುಗಿಸಿ ಹಾಕಿದರೆ ನಡೆಯುವುದಿಲ್ಲ. ವಿಸಿಆರ್‌ನಿಂದ ಹೊಸ ಟಿವಿಗೆ ಬೇಕಾದ್ದು ಮೊದಲನೆಯದು.

ಮೀಟರ್ ಹಿಡಿಯುವುದು, ಅಂಗಡಿಗೆ ಹೋಗುವುದು

ಮಲ್ಟಿಮೀಟರ್ ಇದ್ದರೆ ಬೀಪ್ ಬರುವ ಜಾಗಕ್ಕೆ ತಿರುಗಿಸಿ. ವೈರಿನ ಎರಡೂ ತುದಿ ಎಲ್ಲಿಂದಲೂ ಬಿಚ್ಚಿರಲಿ. ಕಡ್ಡಿಯಿಂದ ಕಡ್ಡಿಗೆ ಬೀಪ್ ಬರಬೇಕು, ಬಳೆಯಿಂದ ಬಳೆಗೆ ಬರಬೇಕು, ಕಡ್ಡಿಯಿಂದ ಬಳೆಗೆ ಬರಬಾರದು. ಬೀಪ್ ಬರುವಾಗ ಪ್ಲಗ್‌ನ ಬುಡದಲ್ಲಿ ವೈರನ್ನು ಬಗ್ಗಿಸಿ ನೋಡಿ. ವೈರು ಕಡಿಯುವುದು ಹೆಚ್ಚಾಗಿ ಅಲ್ಲೇ. ತಿರುಪಿನಂತೆ ಬಿಚ್ಚುವ ಲೋಹದ ಪ್ಲಗ್ ಆದರೆ ಎರಡು ಅಂಗುಲ ಕತ್ತರಿಸಿ ಮತ್ತೆ ಸಾಲ್ಡರ್ ಮಾಡಬಹುದು. ಅಚ್ಚು ಹಾಕಿದ ಪ್ಲಾಸ್ಟಿಕ್ ಆದರೆ ಹೊಸದು ತರುವುದೇ ವಾಸಿ. ಬಂಗಾರದ ಬಣ್ಣದ ಪ್ಲಗ್‌ಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ. ಬಂಗಾರದ ಲೇಪ ತುಕ್ಕು ತಡೆಯುತ್ತದೆ, ಚಿತ್ರ ಚಂದ ಮಾಡುವುದಿಲ್ಲ.

ಬೆಂಗಳೂರಿನ ಎಸ್‌.ಪಿ. ರೋಡಿಗೋ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗೋ ಹೋಗುವಾಗ ಕೆಟ್ಟ ವೈರನ್ನೇ ಜೊತೆಗೆ ಒಯ್ಯಿರಿ. ಮೊಬೈಲ್ ಫೋಟೊ ಸಾಲದು. ಫೋಟೊದಲ್ಲಿ 3.5 ಎಂಎಂ ಪಿನ್ನೂ 2.5 ಎಂಎಂ ಪಿನ್ನೂ ಒಂದೇ ಥರ ಕಾಣುತ್ತವೆ. ಮರಿ ವೈರು ಬೇಕಿದ್ದರೆ ಟಿವಿ ಹಿಂದಿನ ಸ್ಟಿಕ್ಕರ್‌ನಿಂದ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಆ ನಂಬರ್ ಹೇಳಿಯೇ ಕೇಳಿ. ಬಣ್ಣ ಹೇಳಿ ಕೇಳಿದರೆ ಕೌಂಟರ್ ಮೇಲೆ ಹತ್ತು ಬಗೆ ಬಂದು ಬೀಳುತ್ತವೆ.